ಬಟನ್ ಇರಲಿ, ಕಳಿಸುವ ಬೆರಳು ನಿಮ್ಮದೇ ಇರಲಿ

ಪ್ರಶ್ನೆ: ಪುಣೆಯ ಹಡಪಸರದ ಗಾಡಿತಳದ ಹತ್ತಿರ ನಮ್ಮದೊಂದು ಸಣ್ಣ ಮೆಸ್ ಇದೆ. ಊರು ಇಂಡಿ ಕಡೆ. ಎರಡು ಹೊತ್ತೂ ಡಬ್ಬಿ ಕಳಿಸುತ್ತೇವೆ, ಹತ್ತು-ಹನ್ನೆರಡು ಮಂದಿ ಇಲ್ಲೇ ಬಂದು ಕೂತು ಉಣ್ಣುತ್ತಾರೆ. ಹೆಚ್ಚಿನವರು ಮಗರಪಟ್ಟಾದ ಐಟಿ ಹುಡುಗ-ಹುಡುಗಿಯರು, ಉಳಿದವರು ಇಂಡಸ್ಟ್ರಿಯಲ್ ಎಸ್ಟೇಟಿನವರು. ಎಲ್ಲರ ಮಾತೂ ವಾಟ್ಸ್ಆ್ಯಪಿನಲ್ಲಿ. ‘ಕಾಕೂ, ಉದ್ಯಾ ಖಾಡಾ’ (ಚಿಕ್ಕಮ್ಮಾ, ನಾಳೆ ಊಟ ಬೇಡ), ‘ಕಾಕೂ, ಆಜ್ ಭಾಜಿ ಕಾಯ್’ (ಇವತ್ತು ಪಲ್ಯ ಏನು), ‘ಬಿಲ್ ಎಷ್ಟಾಯ್ತು’ ಅಂತ ಒಂದಾದ ಮೇಲೊಂದು. ನನಗೆ ಮರಾಠಿ ಮಾತಾಡಲು ಬರುತ್ತದೆ, ಓದಲೂ ಬರುತ್ತದೆ, ಬರೆಯಲು ಕೈ ಓಡುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. ರಾತ್ರಿ ಪಾತ್ರೆ ತಿಕ್ಕಿ ಮುಗಿಸಿ ಒಬ್ಬೊಬ್ಬರಿಗೆ ಉತ್ತರ ಬರೆಯುತ್ತ ಕೂತರೆ ಹನ್ನೊಂದು ಹೊಡೆಯುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಹಿಟ್ಟು ನಾದಬೇಕು.

ನಮ್ಮಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಪಾಡು ನೋಡಿ ಫೋನಿನಲ್ಲಿ ಒಂದು ಬಟನ್ ಮಾಡಿಕೊಟ್ಟ. ಅದನ್ನು ಒತ್ತಿ ಕನ್ನಡದಲ್ಲಿ ಹೇಳಿದರೆ ಎಐ ಅದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡುತ್ತದೆ, ನಾನು ಕಳಿಸುತ್ತೇನೆ. ಮೊದಮೊದಲು ಬಹಳ ಹಗುರಾಯಿತು. ಆಮೇಲೆ ಒಬ್ಬ ಹುಡುಗ ತಿಂಗಳ ಬಿಲ್ ಕೇಳಿದ. ಮೂರು ಸಾವಿರದ ಗಿರಾಕಿ, ಏಳು ಹೊತ್ತು ಉಂಡಿರಲಿಲ್ಲ. ನಾನು ಬಟನ್ನಿಗೆ ಹಾಗೇ ಹೇಳಿದೆ. ಅದು ಮೊದಲು ಕ್ಷಮೆ ಕೇಳಿ, ಆಮೇಲೆ 2,650 ಅಂತ ಬರೆಯಿತು. ಗಡಿಬಿಡಿಯಲ್ಲಿ ನಾನೂ ಕಳಿಸಿಬಿಟ್ಟೆ. ನಮ್ಮಲ್ಲಿ ಹಿಂದಿನ ರಾತ್ರಿ ಎಂಟರೊಳಗೆ ಹೇಳಿದರಷ್ಟೇ ಖಾಡಾ ಹಿಡಿಯುವುದು. ಅವನು ಹಾಗೆ ಹೇಳಿದ್ದು ನಾಲ್ಕೇ ಹೊತ್ತಿಗೆ, 2,800 ಆಗಬೇಕಿತ್ತು. ಕೇಳಿದರೆ ‘ಕಾಕೂ, ನೀವೇ ಕಳಿಸಿದ್ದೀರಲ್ಲ’ ಅಂತ ಮೆಸೇಜ್ ತೋರಿಸಿದ. ಬಿಟ್ಟುಕೊಟ್ಟೆ.

ನಮ್ಮ ಮನೆಯವರು ‘ಇಷ್ಟು ವರ್ಷ ನಡೆದದ್ದು ಈಗ ಯಾಕೆ ಮಷೀನು, ತೆಗೆದು ಒಗೆ’ ಅನ್ನುತ್ತಾರೆ. ಅಕ್ಕನ ಮಗ ‘ಚಿಗವ್ವ, ಇದನ್ನು ಇನ್ನೂ ದೊಡ್ಡದು ಮಾಡೋಣ, ಎಲ್ಲರ ಮೆಸೇಜೂ ಅದೇ ಓದಿ ಅದೇ ಉತ್ತರ ಕೊಡಲಿ, ನೀನು ಫೋನ್ ಮುಟ್ಟುವುದೇ ಬೇಡ’ ಅನ್ನುತ್ತಾನೆ. ಬೇಡ ಅಂದರೆ ಅವನ ಮನಸ್ಸಿಗೆ ನೋವಾಗುತ್ತದೆ. ಕೆಲಸ ಇಲ್ಲದ ಹುಡುಗ, ಇದೊಂದನ್ನು ರಾತ್ರಿಯೆಲ್ಲ ಕೂತು ಮಾಡಿದ್ದಾನೆ. ಹೂಂ ಅನ್ನಲು ನನಗೆ ಧೈರ್ಯ ಸಾಲದು. ಇನ್ನೊಂದು, ಒಬ್ಬ ಗಿರಾಕಿ ‘ಕಾಕೂ, ಈ ಮರಾಠಿ ನಿಮ್ಮದಲ್ಲ ಬಿಡಿ’ ಅಂತ ನಕ್ಕ. ಅವತ್ತಿನಿಂದ ನಾಚಿಕೆ ಬೇರೆ. ಏನು ಮಾಡಲಿ?
(ಹೆಸರು ಬೇಡ, ಹಡಪಸರ)

ಉತ್ತರ: ತಂಗಿ, ಬಟನ್ ತೆಗೆಯಬೇಡಿ. ದೊಡ್ಡದು ಮಾಡುವುದೂ ಬೇಡ. ಇನ್ನೂ ಸಣ್ಣದು ಮಾಡಿ.

ಮೊದಲು ಆ ನೂರೈವತ್ತು ರೂಪಾಯಿಯ ವಿಷಯ ಮುಗಿಸೋಣ. ಮಷೀನು ಲೆಕ್ಕ ತಪ್ಪಿತು ಅಂತ ನಿಮ್ಮ ಮನೆಯವರು ತಿಳಿದಿರಬಹುದು. ಲೆಕ್ಕ ಸರಿಯೇ ಇತ್ತು. ತಿಂಗಳಿಗೆ ಅರವತ್ತು ಹೊತ್ತು, ಮೂರು ಸಾವಿರ, ಅಂದರೆ ಹೊತ್ತಿಗೆ 50. ಏಳು ಹೊತ್ತಿಗೆ 350 ಕಳೆದರೆ 2,650. ಅದಕ್ಕೆ ಗೊತ್ತಿಲ್ಲದ್ದು ನಿಮ್ಮ ರಾತ್ರಿ ಎಂಟರ ಕಟ್ಟಳೆ. ಅದನ್ನು ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಅಭ್ಯಾಸ ಈ ಎಐಗಳಿಗೆ ತೀರ ಕಡಿಮೆ. ಹೇಳಿದಷ್ಟರ ಮೇಲೆ, ಮುಂದಕ್ಕೆ ಯಾವ ಮಾತು ಬಂದರೆ ಹೊಂದುತ್ತದೋ ಅದನ್ನು ಪೋಣಿಸುತ್ತ ಹೋಗುವುದು ಅವುಗಳ ಕೆಲಸ. ಹಾಗಾಗಿ ನಿಮ್ಮ ಪರವಾಗಿ ಕ್ಷಮೆಯನ್ನೂ ಕೇಳಿತು. ಗಿರಾಕಿಗೆ ಬರೆಯುವ ಪತ್ರವೆಂದರೆ ಮೊದಲು ಕ್ಷಮೆ ಕೇಳಬೇಕು ಅಂತ ಕಂಪನಿಗಳ ಲಕ್ಷಾಂತರ ಪತ್ರ ಓದಿ ಕಲಿತಿರಬೇಕು. ನೀವು ಯಾವ ತಪ್ಪೂ ಮಾಡಿರಲಿಲ್ಲ, ಕ್ಷಮೆ ಕೇಳಿದ ಮೇಲೆ ರೊಕ್ಕ ಬಿಡದೆ ದಾರಿಯಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅಂಕಿಗಿಂತ ಆ ಕ್ಷಮೆಯೇ ನಿಮ್ಮನ್ನು ಸಿಕ್ಕಿಸಿದ್ದು.

ಇಂಥ ಬಟನ್ನಿನ ಹಿಂದೆ ಯಾವಾಗಲೂ ಒಂದು ಸೂಚನೆ ಇರುತ್ತದೆ. ನೀವು ಒತ್ತಿ ಮಾತಾಡಿದಾಗ ನಿಮ್ಮ ಮಾತು ಅಕ್ಷರವಾಗುತ್ತದೆ. ಅದರ ಜೊತೆಗೆ, ನಿಮ್ಮ ಕಣ್ಣಿಗೆ ಕಾಣದಂತೆ, ಮೊದಲೇ ಬರೆದಿಟ್ಟ ನಾಲ್ಕಾರು ಸಾಲು ಪ್ರತಿ ಸಲವೂ ಎಐಗೆ ಹೋಗುತ್ತವೆ. ಆ್ಯಪಲ್ ಫೋನಿನ ‘ಶಾರ್ಟ್‌ಕಟ್ಸ್’ ಆದರೂ ಅಷ್ಟೇ, ಗೂಗಲ್ ಜೆಮಿನಿಯ ‘ಜೆಮ್’ ಆದರೂ ಅಷ್ಟೇ, ಚಾಟ್‌ಜಿಪಿಟಿಯಲ್ಲಿ ಮಾಡಿಕೊಳ್ಳುವ ಸ್ವಂತದ ಜಿಪಿಟಿ ಆದರೂ ಅಷ್ಟೇ. ಹೆಸರು ಬೇರೆ, ಹೂರಣ ಒಂದೇ. ಆ ಸಾಲುಗಳನ್ನು ಈಗ ಬರೆದಿರುವುದು ನಿಮ್ಮ ಅಕ್ಕನ ಮಗ, ಬಹುಶಃ ಇಂಗ್ಲಿಷಿನಲ್ಲಿ. ಅವನಿಗೆ ಕಂಪ್ಯೂಟರ್ ಗೊತ್ತು, ಮೆಸ್ ಗೊತ್ತಿಲ್ಲ. ಅದನ್ನು ನೀವು ಬರೆಯಬೇಕು, ಕನ್ನಡದಲ್ಲೇ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಮೊದಲ ದಿನ ಏನೇನು ಹೇಳುತ್ತೀರೋ ಹಾಗೆ: ಉಪ್ಪಿನ ಡಬ್ಬ ಎಲ್ಲಿದೆ ಅನ್ನುವುದರಿಂದ ಹಿಡಿದು, ಯಾರಿಗೆ ಉದ್ರಿ ಕೊಡಬಾರದು ಅನ್ನುವವರೆಗೆ.

ನಿಮ್ಮ ಪತ್ರ ಓದುತ್ತ ನನಗೆ ತೋಚಿದ ಒಂದು ಮಾದರಿ ಇಲ್ಲಿದೆ. ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ.

‘ನಾನು ಪುಣೆಯ ಹಡಪಸರದಲ್ಲಿ ಮೆಸ್ ನಡೆಸುತ್ತೇನೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ಆಡುಮಾತಿನ ಮರಾಠಿಯಲ್ಲಿ, ಎರಡೇ ಸಾಲಿನಲ್ಲಿ ಬರೆ. ಇಂಗ್ಲಿಷ್ ಅಂದರೆ ಮಾತ್ರ ಇಂಗ್ಲಿಷ್. ಚಿಕ್ಕವರಿಗೂ ತುಮ್ಹೀ ಅನ್ನು. ಜೋಳದ ರೊಟ್ಟಿಗೆ ಭಾಕರಿ ಅನ್ನು, ಚಪಾತಿಗೆ ಪೋಳಿ, ಪಲ್ಯಕ್ಕೆ ಭಾಜಿ. ಬರಂಗಿಲ್ಲ ಅಂದರೆ ಬರುವುದಿಲ್ಲ ಅಂತ ಅರ್ಥ. ನಾನು ಹೇಳದ ತಾರೀಖು, ರೊಕ್ಕ, ಹೆಸರು ಸೇರಿಸಬೇಡ. ಲೆಕ್ಕ ಮಾಡಬೇಡ, ನಾನು ಹೇಳಿದ ಅಂಕಿಯನ್ನೇ ಇಡು. ನಾನು ಹೇಳಿದ ಹೊರತು ಕ್ಷಮೆ ಕೇಳಬೇಡ, ಸೋಡಿ ಕೊಡಬೇಡ. ಅರ್ಥವಾಗದಿದ್ದರೆ ಊಹಿಸಬೇಡ, ನನ್ನನ್ನೇ ಕೇಳು.’

ಇಷ್ಟೇ. ‘ತುಂಬಾ ಚೆನ್ನಾಗಿ ಬರೆ, ಗಿರಾಕಿ ಖುಷಿಯಾಗುವಂತೆ ಬರೆ’ ಅನ್ನುವ ಸಾಲು ಹಾಕಿದಿರೋ, ಪುಸ್ತಕದ ಮರಾಠಿ ಶುರುವಾಗುತ್ತದೆ. ನಿಮ್ಮ ಗಿರಾಕಿ ನಕ್ಕಿದ್ದು ಅದಕ್ಕೇ ಇರಬೇಕು. ‘ಆಪಲೀ ಸೇವಾ ಕರಣ್ಯಾಸ ಆಮ್ಹೀ ತತ್ಪರ’ ಅಂತ ಯಾವ ಕಾಕೂ ಬರೆಯುತ್ತಾಳೆ? ನೀವೇ ಹಿಂದೆ ಕಳಿಸಿದ ನಾಲ್ಕೈದು ಮರಾಠಿ ಮೆಸೇಜುಗಳನ್ನು, ಹೆಸರು ತೆಗೆದು, ಆ ಸೂಚನೆಯ ಕೆಳಗೆ ‘ಹೀಗೆ ಬರೆ’ ಅಂತ ಅಂಟಿಸಿಡಿ. ಅದರಷ್ಟು ಕೆಲಸ ಮಾಡುವ ಸೂಚನೆ ಇನ್ನೊಂದಿಲ್ಲ.

‘ಬರಂಗಿಲ್ಲ’ದ ಸಾಲನ್ನು ಸುಮ್ಮನೆ ಸೇರಿಸಿಲ್ಲ. ಫೋನಿನಲ್ಲಿ ಕನ್ನಡ ಮಾತನ್ನು ಅಕ್ಷರ ಮಾಡುವ ಸೌಕರ್ಯವನ್ನು ಗೂಗಲ್ ಕೊಟ್ಟದ್ದು 2017ರಲ್ಲಿ. ಅಂದಿನಿಂದ ಬಹಳ ಸುಧಾರಿಸಿದೆ. ಆದರೂ ಅದರ ಕಿವಿಗೆ ಹೆಚ್ಚು ರೂಢಿ ಇರುವುದು ಪುಸ್ತಕದ, ಟಿವಿಯ ಕನ್ನಡ. ಇಂಡಿ-ಸಿಂದಗಿ ಕಡೆಯ ಮಾತು, ಅದೂ ಕುಕ್ಕರ್ ಸೀಟಿಯ ನಡುವೆ, ಅದಕ್ಕೆ ಅರ್ಧಂಬರ್ಧ ಕೇಳುತ್ತದೆ. ಬೇರೆ ಮಾತು ಹೋದರೆ ಹೋಗಲಿ, ‘ಇಲ್ಲ’ ಅನ್ನುವುದು ಹೋದರೆ ಅರ್ಥವೇ ತಿರುವುಮುರುವು. ‘ನಾಳಿಗಿ ಮೆಸ್ ಇರಂಗಿಲ್ಲ’ ಅಂತ ನೀವು ಹೇಳಿ, ‘ನಾಳೆ ಮೆಸ್ ಇದೆ’ ಅಂತ ಅದು ಬರೆದರೆ ಇಲ್ಲಿ ಉಣ್ಣುವವರೆಲ್ಲ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಕಳಿಸುವ ಮುಂಚೆ ಇಡೀ ಮೆಸೇಜ್ ಓದುವಷ್ಟು ಪುರುಸೊತ್ತು ಇಲ್ಲದಿದ್ದರೂ ಮೂರನ್ನು ಮಾತ್ರ ಕಣ್ಣಿಟ್ಟು ಹುಡುಕಿ: ಅಂಕಿ, ದಿನ, ‘ನಾಹೀ’. ನಿಮಗೆ ಮರಾಠಿ ಓದಲು ಬರುತ್ತದೆ ಅಂದಿದ್ದೀರಿ, ಅದು ದೊಡ್ಡ ಬಲ. ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಹೇಳು ಅಂತ ಎಐಯನ್ನೇ ಕೇಳುವವರಿದ್ದಾರೆ. ಬರೆದವನ ಕೈಯಲ್ಲೇ ಉತ್ತರಪತ್ರಿಕೆ ಕೊಟ್ಟು ಮಾರ್ಕ್ಸ್ ಹಾಕಿಸಿದರೆ ಏನು ಗೊತ್ತಾಗುತ್ತದೆ? ನಿಮ್ಮ ಕಣ್ಣೇ ಮೇಲು.

ಇನ್ನು ಬಿಲ್ಲಿನ ಮಾತು. ಖಾಡಾ ಲೆಕ್ಕ ಈ ಬಟನ್ನಿನ ಕೆಲಸವೇ ಅಲ್ಲ. ಈಗಿನ ಕೆಲವು ಎಐಗಳು ಒಳಗೊಳಗೇ ಕ್ಯಾಲ್ಕ್ಯುಲೇಟರ್ ಬಳಸುತ್ತವೆ ನಿಜ, ಆದರೆ ಯಾವ ಸಲ ಬಳಸಿತು, ಯಾವ ಸಲ ಬಾಯಿಂದ ಹೇಳಿತು ಅಂತ ಎಷ್ಟೋ ಸಲ ನಿಮಗೆ ತಿಳಿಯುವುದಿಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತ ಹೋಗುವುದೇ ಒಳ್ಳೆಯದು. ಫೋನಿನಲ್ಲೇ ಬೇಕೆಂದರೆ ಅಕ್ಕನ ಮಗನಿಗೆ ಹೇಳಿ ಗೂಗಲ್ ಶೀಟ್ ಒಂದನ್ನು ಮಾಡಿಸಿ: ಗಿರಾಕಿಗೊಂದು ಸಾಲು, ದಿನಕ್ಕೆ ಎರಡು ಕಂಬ, ಎಂಟರೊಳಗೆ ಹೇಳಿದ್ದರೆ ಒಂದು ‘ಖಾ’. ತಿಂಗಳ ಕೊನೆಗೆ ‘ಖಾ’ ಎಷ್ಟೆಂದು ಅದೇ ಎಣಿಸಿ, ಐವತ್ತರಿಂದ ಗುಣಿಸಿ, ಕಳೆದು ಇಡುತ್ತದೆ. ಅಲ್ಲಿ ಊಹೆಗೆ ಜಾಗವಿಲ್ಲ. ಇವತ್ತು ಕೇಳಿದರೂ ನಾಳೆ ಕೇಳಿದರೂ ಒಂದೇ ಉತ್ತರ. ಆ ಅಂಕಿಯನ್ನು ನೀವು ಬಟನ್ನಿಗೆ ಹೇಳಿ, ಬಟನ್ ಅದನ್ನು ಮರಾಠಿ ಮಾಡಲಿ.

ಇನ್ನೂ ಒಂದು ಗುಟ್ಟು ಹೇಳುತ್ತೇನೆ, ಇಂಜಿನಿಯರ್ ಹುಡುಗರಿಗೆ ಇದು ರುಚಿಸುವುದಿಲ್ಲ. ನಿಮಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕೆ ಎಐಯೇ ಬೇಕಿಲ್ಲ. ‘ಆಜ್ ಭಾಜಿ ಕಾಯ್’ ಅಂತ ಇಪ್ಪತ್ತು ಜನ ಕೇಳಿದರೆ ಉತ್ತರ ಒಂದೇ ತಾನೇ? 2018ರಿಂದ ವಾಟ್ಸ್ಆ್ಯಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಬಂದಿದೆ, ನಿಮ್ಮಂಥ ಸಣ್ಣ ವ್ಯಾಪಾರದವರಿಗಾಗಿಯೇ. ದುಡ್ಡಿಲ್ಲ, ಈಗಿನ ನಂಬರನ್ನೇ ಅದಕ್ಕೆ ಬದಲಾಯಿಸಿಕೊಳ್ಳಬಹುದು. ಅದರಲ್ಲಿ ಬರೆದಿಟ್ಟ ಉತ್ತರಗಳನ್ನು ಉಳಿಸಿಕೊಂಡು, ಓರೆಗೆರೆ ಒತ್ತಿ ಆರಿಸಿ ಕಳಿಸಬಹುದು. ‘ಖಾಡಾ ಬರೆದುಕೊಂಡೆ’, ‘ಎಂಟರ ನಂತರ ಹೇಳಿದ ಖಾಡಾ ಹಿಡಿಯುವುದಿಲ್ಲ’, ‘ಡಬ್ಬಿ ಹೊರಟಿದೆ’, ‘ಅಮಾವಾಸ್ಯೆಗೆ ಹೋಳಿಗೆ, ಮೆಸ್ ಒಂದೇ ಹೊತ್ತು’ — ಇಂಥ ಹತ್ತು ಉತ್ತರ ಒಮ್ಮೆ ಕೂತು ಮಾಡಿಟ್ಟುಕೊಂಡರೆ ಸಾಕು. ಮಲಗುವ ಹೊತ್ತಿಗೆ ತಾನಾಗಿ ‘ಬೆಳಿಗ್ಗೆ ಉತ್ತರಿಸುತ್ತೇನೆ’ ಅನ್ನುವ ಸಂದೇಶವೂ ಹೋಗುವಂತೆ ಇಡಬಹುದು. ಇವತ್ತಿನ ಪಲ್ಯವನ್ನು ಬೆಳಿಗ್ಗೆಯೇ ಸ್ಟೇಟಸ್ಸಿಗೆ ಹಾಕಿಬಿಡಿ. ಆಮೇಲೆ ಬಟನ್ ಬೇಕಾಗುವುದು, ಯಾರೋ ಜ್ವರ ಅಂದಾಗ ಗಂಜಿ ಕಳಿಸಲೇ ಅಂತ ಕೇಳಲು, ಬಾಕಿ ಉಳಿಸಿಕೊಂಡವನಿಗೆ ಮುಖ ಮುರಿಯದೆ ನೆನಪಿಸಲು, ಹೊಸಬರಿಗೆ ಮೆಸ್ಸಿನ ನೇಮ ವಿವರಿಸಲು. ರಾತ್ರಿ ಹನ್ನೊಂದು ಹೊಡೆಯುವುದು ಇಲ್ಲಿಗೆ ನಿಲ್ಲಬೇಕು.

ಇನ್ನು ಅವನ ದೊಡ್ಡ ಯೋಜನೆ. ಬೇಡ ಅನ್ನಲು ನನ್ನ ಮುಖ್ಯ ಕಾರಣ ನಿಮ್ಮ ಗಿರಾಕಿಗಳು. ನಿಮ್ಮ ಫೋನಿನಲ್ಲಿ ಏನೇನಿದೆ ಅಂತ ಒಮ್ಮೆ ನೆನೆಸಿಕೊಳ್ಳಿ. ಯಾವ ಹುಡುಗಿ ಯಾವ ಕಟ್ಟಡದ ಎಷ್ಟನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ, ನೈಟ್ ಶಿಫ್ಟ್ ಮುಗಿಸಿ ಎಷ್ಟು ಗಂಟೆಗೆ ಬರುತ್ತಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಎರಡು ತಿಂಗಳಿಂದ ಸಂಬಳ ಬಂದಿಲ್ಲ ಅಂತ ನಿಮ್ಮ ಹತ್ತಿರ ಗುಟ್ಟಾಗಿ ಹೇಳಿಕೊಂಡಿದ್ದಾರೆ. ಕಾಕೂ ಅಂತ ನಿಮಗೆ ಹೇಳಿದ್ದು ಅದು. ಎಲ್ಲವನ್ನೂ ಹೊರಗಿನ ಒಂದು ಕಂಪನಿಯ ಕಂಪ್ಯೂಟರಿಗೆ ಸುರಿಯಲು ಅವರಾರೂ ಒಪ್ಪಿಗೆ ಕೊಟ್ಟಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಮಾತೇ ಈ ಒಪ್ಪಿಗೆ. ಜೆಮಿನಿ ಬಳಸುವವರಿಗೆ ಗೂಗಲ್ ತಾನೇ ಎಚ್ಚರಿಕೆ ಬರೆದಿದೆ, ಪರಿಶೀಲನೆ ಮಾಡುವ ಮನುಷ್ಯರು ನೋಡಬಾರದು ಅನ್ನಿಸುವಂಥ ಗುಟ್ಟನ್ನು ಇಲ್ಲಿ ಹಾಕಬೇಡಿ ಅಂತ. ಕೇಂದ್ರ ಹಣಕಾಸು ಸಚಿವಾಲಯವೂ 2025ರ ಜನವರಿಯಲ್ಲಿ ತನ್ನ ನೌಕರರಿಗೆ, ಕಚೇರಿಯ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿ ಅಂದಿತು. ಅವರಿಗೆ ಸರ್ಕಾರದ ಕಡತದ ಚಿಂತೆ. ನಿಮಗೆ ನಿಮ್ಮ ಹುಡುಗಿಯರ ಬಾಗಿಲಿನ ಚಿಂತೆ ಇರಬೇಕು. ಬಟನ್ನಿಗೆ ಹೇಳುವಾಗಲೂ ಹೆಸರು, ವಿಳಾಸ, ಫೋನ್ ನಂಬರ್ ಹೇಳದಿರುವ ರೂಢಿ ಮಾಡಿಕೊಳ್ಳಿ. ಹೆಸರು ಬೇಕಾದರೆ ಕಳಿಸುವಾಗ ಕೈಯಾರೆ ಸೇರಿಸಿ.

ಬೇರೆ ತೊಡಕುಗಳೂ ಇವೆ. ಎಲ್ಲ ಮೆಸೇಜನ್ನೂ ತಾನೇ ಓದಿ ಉತ್ತರಿಸುವ ಕಳ್ಳದಾರಿಯ ಆ್ಯಪುಗಳನ್ನು ಕಂಡರೆ ವಾಟ್ಸ್ಆ್ಯಪ್ ನಂಬರನ್ನೇ ಬಂದ್ ಮಾಡಬಹುದು. ಆ ನಂಬರ್ ಹೋದರೆ ನಿಮ್ಮ ಮೆಸ್ ಹೋದಂತೆ. ನ್ಯಾಯದ ದಾರಿಯಲ್ಲಿ ಮಾಡಿದರೆ ಬಳಸಿದಷ್ಟಕ್ಕೂ ದುಡ್ಡು. ಎಐ ಕಂಪನಿಗಳು ಬರಹವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ತುಂಡಿಗಿಷ್ಟು ಅಂತ ಎಣಿಸುತ್ತವೆ, ಕನ್ನಡ-ಮರಾಠಿಯ ಒಂದು ಮಾತು ಇಂಗ್ಲಿಷಿಗಿಂತ ಹೆಚ್ಚು ತುಂಡಾಗುತ್ತದೆ. ಖರ್ಚು ನೀವು ಅಂದುಕೊಂಡದ್ದಕ್ಕಿಂತ ಮೇಲೇ ಹೋಗಬಹುದು. ಎಲ್ಲೂ ನಿಮ್ಮ ಕಾರ್ಡ್ ಕೊಟ್ಟಿರದಿದ್ದರೆ ಒಳ್ಳೆಯದು. ಕೊಟ್ಟಿದ್ದರೆ ಇವತ್ತೇ ತೆಗೆಸಿ.

ಒಂದು ಮಾತು ನಿಮ್ಮ ಪತ್ರದಲ್ಲಿ ಇಲ್ಲ, ನಾನೇ ಕೇಳುತ್ತೇನೆ: ಈ ಬಟನ್ ಯಾರ ಖಾತೆಯಲ್ಲಿದೆ? ಅವನ ಜಿಮೇಲಿನಲ್ಲಿದ್ದರೆ, ನಾಳೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕು ಅವನು ಹೊರಟಾಗ ಬಟನ್ ಇದ್ದೂ ನಿಮ್ಮದಾಗಿರುವುದಿಲ್ಲ. ನಿಮ್ಮ ಗಿರಾಕಿಗಳು ದುಡಿಯುವ ಮಗರಪಟ್ಟಾ ಸಿಟಿಯ ಕತೆ ಹಡಪಸರದಲ್ಲಿ ಎಲ್ಲರಿಗೂ ಗೊತ್ತು. ಸುಮಾರು ನೂರಿಪ್ಪತ್ತು ರೈತ ಮನೆತನಗಳು ನಾನೂರು ಎಕರೆ ಹೊಲವನ್ನು ಬಿಲ್ಡರಿಗೆ ಮಾರದೆ, ಒಟ್ಟುಗೂಡಿಸಿ, ತಮ್ಮದೇ ಕಂಪನಿ ಮಾಡಿ ಪಾಲುದಾರರಾಗಿ ಉಳಿದರು. ಕಟ್ಟಡ ಕಟ್ಟುವ ವಿದ್ಯೆಯನ್ನು ಹೊರಗಿನವರಿಂದ ತಂದರು, ಒಡೆತನ ಬಿಡಲಿಲ್ಲ. ನಿಮ್ಮದು ಸಣ್ಣ ವ್ಯವಹಾರ, ಬುದ್ಧಿ ಅದೇ ಸಾಕು. ಖಾತೆ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ವರ್ಡ್ ನಿಮಗೆ ಗೊತ್ತಿರಲಿ, ಮೇಲಿನ ಸೂಚನೆ ಹಿಟ್ಟಿನ ಲೆಕ್ಕದ ವಹಿಯಲ್ಲೂ ಒಂದು ಕಡೆ ಬರೆದಿರಲಿ. ಅದಿದ್ದರೆ ಈ ಎಐ ಹೋಗಿ ಇನ್ನೊಂದು ಬಂದರೂ ಅರ್ಧ ಗಂಟೆಯಲ್ಲಿ ಹೊಸ ಬಟನ್ ಆಗುತ್ತದೆ.

ನಾಚಿಕೆಯ ಮಾತಿಗೆ ನನಗೆ ನಗು ಬಂತು, ತಪ್ಪು ತಿಳಿಯಬೇಡಿ. ನಿಮ್ಮ ಮರಾಠಿ ನೋಡಿ ನಕ್ಕ ಆ ಹುಡುಗ ತನ್ನ ಮ್ಯಾನೇಜರಿಗೆ ಬರೆಯುವ ಇಂಗ್ಲಿಷ್ ಮೇಲ್ ಯಾರು ಬರೆಯುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಇನ್ನೊಮ್ಮೆ ಅವನು ಅಂದರೆ ‘ಹೌದು ಬಾಳಾ, ಮಷೀನ್ ಬರೆಯಿತು, ಭಾಕರಿ ಮಾತ್ರ ನಾನೇ ಬಡಿದೆ’ ಅನ್ನಿ. ಮುಚ್ಚಿಟ್ಟರಷ್ಟೇ ಅದು ನಾಚಿಕೆ. ಮನೆಯವರಿಗೂ ಬಾಯಿಮಾತಿನ ವಾದ ಬೇಡ. ಒಂದು ರಾತ್ರಿ ಅವರನ್ನೇ ಕೂರಿಸಿ ಅವತ್ತಿನ ಮೆಸೇಜುಗಳಿಗೆಲ್ಲ ಮರಾಠಿಯಲ್ಲಿ ಉತ್ತರ ಬರೆಯಲು ಹೇಳಿ. ಅರ್ಧಕ್ಕೇ ಬಟನ್ ಎಲ್ಲಿದೆ ಅಂತ ಕೇಳದಿದ್ದರೆ ನನಗೆ ಮತ್ತೆ ಬರೆಯಿರಿ.

ಅಕ್ಕನ ಮಗನಿಗೆ ಬೇಡ ಅನ್ನುವುದೇ ನಿಮಗೆ ಎಲ್ಲಕ್ಕಿಂತ ಕಷ್ಟ ಅಂತ ಪತ್ರದ ಧಾಟಿಯಲ್ಲೇ ತಿಳಿಯುತ್ತದೆ. ಬೇಡ ಅನ್ನಬೇಡಿ, ಬೇರೆ ಕೆಲಸ ಕೊಡಿ. ಕೆಲಸ ಸಿಗದೆ ಚಿಗವ್ವನ ಮನೆಯಲ್ಲಿ ಉಣ್ಣುತ್ತಿರುವ ಹುಡುಗನಿಗೆ ದಿನಾ ತಟ್ಟೆ ಮುಂದೆ ಕೂರುವಾಗ ಏನನ್ನಿಸುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ದೊಡ್ಡದು ಮಾಡೋಣ ಅಂತ ಅವನು ಅನ್ನುವುದರಲ್ಲಿ ಆ ಋಣ ತೀರಿಸುವ ತವಕವೂ ಇದೆ. ಒಂದು ವಾರ ಅವನನ್ನು ಸಂಜೆ ಆರರಿಂದ ಒಂಬತ್ತು ಗಂಟೆವರೆಗೆ ಕೌಂಟರಿನಲ್ಲಿ ಕೂರಿಸಿ. ಡಬ್ಬಿ ಎಣಿಸಲಿ, ಖಾಡಾ ಬರೆದುಕೊಳ್ಳಲಿ, ಎಂಟೂ ಹತ್ತಕ್ಕೆ ‘ಕಾಕೂ, ಪ್ಲೀಸ್’ ಅನ್ನುವವರನ್ನು ತಾನೇ ಎದುರಿಸಲಿ. ಎಲ್ಲಿ ಮಷೀನ್ ಉಪಯೋಗ, ಎಲ್ಲಿ ಮನುಷ್ಯ ಬೇಕು ಅನ್ನುವುದು ಅವನಿಗೆ ಅಲ್ಲಿ ತಿಳಿಯುವಷ್ಟು ಲ್ಯಾಪ್‌ಟಾಪಿನ ಮುಂದೆ ತಿಳಿಯುವುದಿಲ್ಲ. ಆಮೇಲೆ ಶೀಟ್ ಅವನೇ ಮಾಡಲಿ, ಸೂಚನೆಯನ್ನು ನೀವು ಹೇಳಿದಂತೆ ಅವನೇ ತಿದ್ದಲಿ, ಎಲ್ಲಿ ತಪ್ಪಿತು, ಹೇಗೆ ಸರಿಯಾಯಿತು ಅಂತ ಎರಡು ಪುಟ ಬರೆದಿಡಲಿ. ಆ ಎರಡು ಪುಟ ಅವನ ಬಯೋಡೇಟಾದ ಜೊತೆ ಹೋಗಲಿ. ಸಂದರ್ಶನದಲ್ಲಿ ನೂರು ಹುಡುಗರು ಎಐ ಬರುತ್ತದೆ ಅನ್ನುತ್ತಾರೆ. ನಿಜವಾದ ಮೆಸ್ಸಿನಲ್ಲಿ, ನಿಜವಾದ ಗಿರಾಕಿಗಳ ನಡುವೆ, ಎರಡು ಭಾಷೆಯಲ್ಲಿ ಒಂದನ್ನು ಓಡಿಸಿ ತೋರಿಸಿದವನು ಬೇರೆಯೇ ಕಾಣುತ್ತಾನೆ. ಈ ಮಾತನ್ನು ಅವನಿಗೆ ನೀವೇ ಹೇಳಿ, ಅವನ ತಾಯಿಗೂ ಫೋನ್ ಮಾಡಿ ಹೇಳಿ.

ಕೊನೆಗೆ ಈ ಅಂಕಣ ಓದುವ, ಊರು ಬಿಟ್ಟು ಬಂದು ಮೆಸ್ಸಿನಲ್ಲಿ ಉಣ್ಣುವ ಎಲ್ಲ ತಮ್ಮ-ತಂಗಿಯರಲ್ಲಿ ಒಂದು ವಿನಂತಿ. ಯಾವ ಎಐ ಬಂದರೂ ನಿಮ್ಮ ಕಾಕೂ ಅಕ್ಕಿ ಅಳೆಯುವುದು ಹಿಂದಿನ ರಾತ್ರಿಯೇ. ಖಾಡಾ ಇದ್ದರೆ ಎಂಟರೊಳಗೆ ಹೇಳಿ. ಹೇಳದೆ ತಪ್ಪಿಸಿದ ಹೊತ್ತಿನ ದುಡ್ಡು ಕೇಳಿದಾಗ ಮೆಸೇಜ್ ತೋರಿಸಬೇಡಿ, ಕೊಟ್ಟುಬಿಡಿ.